ಗಂಜಿ ಕುಡಿದ ಫೋನು

"ಎಂಟ ದಿವಸದಾಗ ಈ ಮಕ್ಕಳ ಕೈಯಾಗಿನ ಫೋನ್ ಬಿಡಸ್ತೇನಿ. ಬಿಡಸಲಿಲ್ಲಂದ್ರ ಹುಚ್ಚೇಶ ಅನ್ನೂ ಹೆಸರ ನನಗ ಬ್ಯಾಡ."

ಇಳಕಲ್ಲಿನ ನೇಕಾರ ಹುಚ್ಚೇಶ ಈ ಘೋರ ಪ್ರತಿಜ್ಞೆಯನ್ನು ಮಾಡಿದ್ದು ಅದೇ ಫೋನಿನಲ್ಲಿ. ಗಾಜಿನ ಆಚೆ, ಬಾಗಲಕೋಟೆಯ ಆಸ್ಪತ್ರೆಯೊಂದರ ಮಂಚಕ್ಕೆ ಒರಗಿ ಕೂತಿದ್ದ ಹೆಂಡತಿ ಸುನಿತಾ, ಹೇಗೆ ಬಿಡಿಸುತ್ತೀರಿ ಎಂದು ಕೇಳಿದಳು. ಕತೆ ಹೇಳಿ ಬಿಡಿಸುತ್ತೇನೆ ಎಂದ. ಸುನಿತಾ ನಕ್ಕಳು. ನಗು ಕೆಮ್ಮಾಯಿತು. ಕೊರಳಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಸುಧಾರಿಸಿಕೊಂಡಳು.

"ನೀವು ಹೇಳಿದ ಕತಿ ಒಂದರ ಮುಗದದ್ದ ನಾ ನೋಡಿಲ್ಲ ಬಿಡ್ರಿ," ಎಂದಳು.

ಮಾತು ಸುಳ್ಳಲ್ಲ. ಹುಚ್ಚೇಶನಿಗೆ ಈ ಭೂಮಂಡಲದಲ್ಲಿ ಎರಡೇ ವಿಷಯಗಳ ಬಗ್ಗೆ ಹೆಮ್ಮೆ. ಒಂದು, ಅವನು ಕಾಯಿಸುವ ಗಂಜಿ. ಮಗ್ಗಕ್ಕೇರುವ ಮೊದಲು ಹಾಸಿನ ಎಳೆಗಳಿಗೆ ಗಂಜಿ ಹಚ್ಚಬೇಕು. ಹಚ್ಚದಿದ್ದರೆ ನೇಯುವಾಗ ಪಟಪಟ ಹರಿಯುತ್ತವೆ. ಅವನ ಗಂಜಿ ತಗುಲಿದ ಎಳೆಗೆ ಆನೆ ಕಟ್ಟಬಹುದು ಎಂದು ಓಣಿಯಲ್ಲಿ ಒಬ್ಬರು ಹೇಳುತ್ತಿದ್ದರು. ಆ ಒಬ್ಬರು ಹುಚ್ಚೇಶನೇ. ಎರಡನೆಯದು, ಅವನು ಹೇಳುವ ಕತೆ. ಅವನ ಕತೆಗಳಲ್ಲಿ ರಾಜಕುಮಾರಿಯರು ಗುಹೆ ಸೇರಿದ್ದರು, ಕಳ್ಳರು ಬಾವಿಗಿಳಿದಿದ್ದರು, ಹುಲಿಯೊಂದು ಹುಣಸೆಮರ ಹತ್ತಿತ್ತು. ಯಾರೂ ಇದುವರೆಗೆ ವಾಪಸು ಬಂದಿರಲಿಲ್ಲ. ಕತೆಯ ಕುತ್ತಿಗೆ ಹಿಡಿದು ಗಂಡಾಂತರಕ್ಕೆ ನೂಕುವವರೆಗೆ ಹುಚ್ಚೇಶ ಮಹಾಶೂರ. ಹೊರಗೆ ಎಳೆದು ತರುವ ಹೊತ್ತಿಗೆ ಅವನಿಗೆ ನಿದ್ದೆಯೋ, ಕೆಲಸವೋ, ಚಹಾದ ನೆನಪೋ ಬರುತ್ತಿತ್ತು. ಆ ಕತೆಗಳನ್ನೆಲ್ಲ ಮಕ್ಕಳಿಗೆ ಮುಗಿಸಿಕೊಡುತ್ತಿದ್ದವಳು ಸುನಿತಾ, ರೊಟ್ಟಿ ಬಡಿಯುತ್ತ, ಎರಡೇ ಮಾತಿನಲ್ಲಿ.

ಈಗ ಸುನಿತಾ ಮನೆಯಲ್ಲಿರಲಿಲ್ಲ. ಮೂರು ತಿಂಗಳಿಂದ ಸಂಜೆಯಾದರೆ ಜ್ವರ. ರವಿಕೆಗಳೆಲ್ಲ ಸಡಿಲವಾಗಿದ್ದವು. ಕೊರಳ ಬದಿಯಲ್ಲಿ ಅಡಿಕೆಯಷ್ಟಿದ್ದ ಗಂಟು ನಿಂಬೆಕಾಯಿಯಷ್ಟಾಯಿತು. ಆಸ್ಪತ್ರೆಯಲ್ಲಿ ಮಲಗಿಸಿಕೊಂಡು, ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಏನಿರಬಹುದು ಎಂದು ಎಲ್ಲರಿಗೂ ಅನುಮಾನವಿತ್ತು, ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. 'ಅದು' ಎನ್ನುತ್ತಿದ್ದರು. ಗುಳೇದಗುಡ್ಡದಿಂದ ಅವಳ ತಾಯಿ ದಿನಕ್ಕೊಮ್ಮೆ ಬುತ್ತಿ ತಂದು ಉಣಿಸಿ ಹೋಗುತ್ತಿದ್ದಳು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಮೂರು ವಾರಗಳಿಂದ ಚೇತನಾ ಮತ್ತು ಪ್ರಭು ತಮ್ಮ ತಾಯಿಯನ್ನು ನೋಡಿದ್ದೆಲ್ಲ ಅಂಗೈ ಅಗಲದ ಗಾಜಿನಲ್ಲೇ, ಸಂಜೆ ಆರಕ್ಕೆ, ಹತ್ತು ನಿಮಿಷ.

ಮನೆಯಲ್ಲಿ ಇದ್ದದ್ದು ಒಂದೇ ಫೋನು. ಬೇಸಿಗೆ ಸೂಟಿ. ಐದನೇ ಇಯತ್ತೆಗೆ ಹೋಗಲಿದ್ದ ಚೇತನಾ, ಒಂದನೇ ಇಯತ್ತೆ ದಾಟಿದ ಪ್ರಭು, ಇಬ್ಬರೂ ಬೆಳಗ್ಗೆ ಎದ್ದರೆ ಅದಕ್ಕೆ ಜೋತುಬೀಳುತ್ತಿದ್ದರು. ಸಂಜೆ ಸುನಿತಾ ಫೋನ್ ಹಚ್ಚುವ ಹೊತ್ತಿಗೆ ಅದರ ಪ್ರಾಣ ಕಂಠಕ್ಕೆ ಬಂದಿರುತ್ತಿತ್ತು. ಎರಡು ಸಲ ಅವಳ ಮುಖ ಮಾತಿನ ನಡುವೆ ಆರಿಹೋಯಿತು. ಎರಡನೇ ಸಲ ಆರಿದಾಗ ಪ್ರಭು ಬಹಳ ಹೊತ್ತು ಕಪ್ಪು ಗಾಜನ್ನು ಉಗುರಿನಿಂದ ಬಡಿಯುತ್ತ ಕೂತಿದ್ದ. ಆವತ್ತೇ, ಚಾರ್ಜು ತುಂಬಿ ಮತ್ತೆ ಫೋನ್ ಹಚ್ಚಿದಾಗ, ಹುಚ್ಚೇಶ ಪ್ರತಿಜ್ಞೆ ಮಾಡಿದ್ದು.

ಮರುದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಲಾಳಿ ಎಸೆಯುತ್ತಲೇ ಕತೆಗೆ ಕೈಹಾಕಿದ. ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರೂ ಫೋನು ನೋಡುತ್ತ ನೋಡುತ್ತ ಮೂಗನ್ನು ಗಾಜಿಗೆ ತಾಗಿಸಿದರು. ಗಾಜು ಹಾಲಿನ ಕೆನೆಯಂತೆ ಬಿರಿಯಿತು. ಇಬ್ಬರೂ ದೊಪ್ಪನೆ ಇಂಟರ್ನೆಟ್ಟಿನೊಳಗೆ ಬಿದ್ದರು.

ಇಂಟರ್ನೆಟ್ಟಿನೊಳಗೆ ಏನಿರುತ್ತದೆ ಎಂದು ಹುಚ್ಚೇಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅವನನ್ನು ಯಾವತ್ತೂ ತಡೆದದ್ದಿಲ್ಲ. ಒಳಗೆ ಒಂದು ಮಗ್ಗವಿತ್ತು ಎಂದ. ಎಂಥ ಮಗ್ಗ! ಹಾಸಿನ ಎಳೆಗಳು ಪಾತಾಳದಿಂದ ಹೊರಟು ಮುಗಿಲಿನಲ್ಲಿ ಮಾಯವಾಗುತ್ತಿದ್ದವು. ನೇಯುವವನು ಎಲ್ಲೂ ಇಲ್ಲ, ಆದರೆ ಕೋಟಿ ಲಾಳಿಗಳು ಅತ್ತಿಂದಿತ್ತ ಹಾರುತ್ತಿದ್ದವು. ಒಂದೊಂದು ಲಾಳಿಯ ಹೊಟ್ಟೆಯಲ್ಲಿ ಒಂದೊಂದು ಸರಕು: ಒಂದರಲ್ಲಿ ಯಾರದೋ ಲಗ್ನದ ಫೋಟೊ, ಒಂದರಲ್ಲಿ ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ, ಒಂದರಲ್ಲಿ ಮೂಲವ್ಯಾಧಿಯ ಔಷಧ. ಅಲ್ಲಿ ಒಬ್ಬ ಚಕ್ರಾಸುರನಿದ್ದ. ಬೆಳ್ಳಗೆ, ಗುಂಡಗೆ, ಸುಮ್ಮನೆ ತಿರುಗುತ್ತಿರುವುದೇ ಅವನ ಕೆಲಸ. ಅವನು ನಿಲ್ಲುವತನಕ ಎದುರಿನವರು ಕದಲುವಂತಿಲ್ಲ, ಅವನು ನಿಲ್ಲುವುದಿಲ್ಲ. ಆ ಓಣಿಯಲ್ಲಿ ನೆಟ್‌ವರ್ಕು ಅಷ್ಟಕ್ಕಷ್ಟೇ ಆದ್ದರಿಂದ ಮಕ್ಕಳಿಗೆ ಚಕ್ರಾಸುರನ ಖುದ್ದು ಪರಿಚಯವಿತ್ತು. ಇಬ್ಬರೂ ಹತ್ತಿರ ಸರಿದು ಕೂತರು.

ಮುಂದಿನ ದಿನ ಹೆಬ್ಬಾಗಿಲು ಬಂತು. ಅಲ್ಲಿನ ಕಾವಲುಗಾರ, ನೀವು ಮನುಷ್ಯರೆಂದು ಮೊದಲು ಸಾಬೀತು ಮಾಡಿ ಎಂದ. ಒಂಬತ್ತು ಚಿತ್ರ ಹಿಡಿದು, ಕೆಂಪು-ಹಸಿರು ದೀಪದ ಕಂಬ ಎಲ್ಲಿದೆ ತೋರಿಸಿ ಎಂದ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ನಿಲ್ಲುವುದನ್ನಷ್ಟೇ ಬಲ್ಲ ಅಕ್ಕ-ತಮ್ಮ ಎಮ್ಮೆಯ ಚಿತ್ರದ ಮೇಲೆ ಬೆರಳಿಟ್ಟರು. ಬಾಗಿಲು ತೆರೆಯಲಿಲ್ಲ.

ಐದು ದಿನ! ಐದೇ ದಿನಕ್ಕೆ ಫೋನು ಗೂಡಿನಲ್ಲಿ ಅನಾಥವಾಗಿ ಬಿದ್ದುಕೊಂಡಿತು. ಮಕ್ಕಳು ಮಗ್ಗದ ಕುಣಿಯ ಅಂಚಿಗೆ ಅಂಟಿಕೊಂಡರು. ಪಕ್ಕದ ಮನೆಯ ಮುರ್ತುಜಸಾಬ, ಅವನೂ ಹಳೆಯ ನೇಕಾರನೇ, ಕತೆಯ ಹೊತ್ತಿಗೆ ತನ್ನ ಮಗ್ಗ ನಿಲ್ಲಿಸಿ ಕಿಟಕಿಗೆ ಕಿವಿ ಕೊಡತೊಡಗಿದ. ಹುಚ್ಚೇಶ ಸಂಜೆ ಸುನಿತಾಳಿಗೆ ವಿಜಯದ ವರದಿ ಒಪ್ಪಿಸಿದ. ಅವಳು, ಹುಡುಗರು ಹೊರಗೆ ಬಂದರೋ ಎಂದು ಕೇಳಿದಳು. ಬರುತ್ತಾರೆ, ಬರುತ್ತಾರೆ, ಅವಸರ ಯಾಕೆ ಎಂದ.

ಶನಿವಾರದ ಕರೆಯಲ್ಲಿ ಸುನಿತಾ ನಗಲಿಲ್ಲ. ಮಕ್ಕಳನ್ನು ಆಚೆ ಕಳಿಸಿ ಎಂದಳು. ಸೋಮವಾರ ನಾಲ್ಕು ಗಂಟೆಗೆ ರಿಪೋರ್ಟು ಬರುತ್ತದಂತೆ.

"ಬಂದ ಕೂಡ್ಲೆ ಹಚ್ತೇನಿ. ಏನರೆ ಇರಲಿ, ಮೊದಲ ನಿಮಗ ಹೇಳಾಕಿ ನಾ. ಅವತ್ತ ಒಂದ ದಿವಸ ಫೋನ್ ಕೈಯಾಗ ಇಟ್ಕೊಳ್ರಿ."

ಕೈಯಲ್ಲೇ ಇರುತ್ತದೆ ಎಂದು ಹುಚ್ಚೇಶ ಭರವಸೆ ಕೊಟ್ಟ. ಅದಾದ ಮೇಲೆ ಅವನ ಕತೆಗೆ ಜೀವ ಉಳಿಯಲಿಲ್ಲ. ಭಾನುವಾರ ಮಕ್ಕಳ ಕಾಟಕ್ಕೆ ನಾಲ್ಕು ಮಾತು ಹೇಳಿದ. ಹೊರಗೆ ಬರಲು ಇದ್ದದ್ದು ಒಂದೇ ಎಳೆ, ಅದನ್ನು ಹಿಡಿದು ಹತ್ತಿದರೆ ಗಾಜಿನ ಬಾಗಿಲು. ಅಕ್ಕ-ತಮ್ಮ ಹತ್ತಿದರು. ಇನ್ನು ಒಂದು ಮೊಳ ಇದೆ ಅನ್ನುವಾಗ ಎಳೆ ಪಟ್ಟೆಂದು ಹರಿಯಿತು. ಅಷ್ಟಕ್ಕೆ ನಿಲ್ಲಿಸಿಬಿಟ್ಟ. ನಿಜಕ್ಕೂ ಅವನ ಮಗ್ಗದಲ್ಲೂ ಎಳೆ ಹರಿದಿತ್ತು. ಬಗ್ಗಿ, ಹರಿದ ತುದಿಗಳನ್ನು ಹುಡುಕಿ ಹೊಸೆಯುತ್ತಿದ್ದ. ಪ್ರಭು ಪಕ್ಕದಲ್ಲೇ ನಿಂತಿದ್ದ.

"ಅಪ್ಪಾ, ಅವ್ವನೂ ಅಲ್ಲೇ ಒಳಗ ಅದಾಳೇನ?"

"ಹೂಂ," ಎಂದ ಹುಚ್ಚೇಶ.

ಈ 'ಹೂಂ' ಬಗ್ಗೆ ಎರಡು ಮಾತು ಹೇಳಲೇಬೇಕು. ಮಗ್ಗದಲ್ಲಿ ಕೂತ ಹುಚ್ಚೇಶನಿಗೆ ಯಾರು ಏನು ಕೇಳಿದರೂ ಬರುವ ಉತ್ತರ ಇದೊಂದೇ. ಎಣ್ಣೆ ತೀರಿದೆ ಎಂದರೂ ಹೂಂ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹೂಂ. ಸುನಿತಾ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಆರು ವರ್ಷದ ಹುಡುಗನಿಗೆ ಅಪ್ಪನ ಹೂಂ ಎಂದರೆ ಸರಕಾರಿ ಮೊಹರು.

ಸೋಮವಾರ ಬೆಳಗ್ಗೆ ಹುಚ್ಚೇಶ ಹೊಸ ಹಾಸಿಗೆಂದು ಗಂಜಿ ಕಾಯಿಸಿದ. ಮನಸ್ಸು ಎಲ್ಲೋ ಇತ್ತು. ಗಂಜಿ ಹದ ಮೀರಿ ಮುದ್ದೆಯಾಯಿತು. ಆರಲಿ ಎಂದು ಮುಚ್ಚಿಟ್ಟ. ಫೋನಿನಲ್ಲಿ ಚಾರ್ಜು ಕಾಲುಭಾಗವಷ್ಟೇ ಇತ್ತು. ನಾಲ್ಕರ ಹೊತ್ತಿಗೆ ತುಂಬಿರಲಿ ಎಂದು ಗೋಡೆಗೆ ಸಿಕ್ಕಿಸಿ, ಯಾರೂ ಮುಟ್ಟಬೇಡಿ ಎಂದು ಎಚ್ಚರಿಸಿ, ಸೆರಗಿನ ಕೆಂಪು ರೇಷ್ಮೆ ತರಲು ಹನ್ನೊಂದಕ್ಕೆ ಸಾವುಕಾರರ ಮನೆಗೆ ಹೋದ. ಅಲ್ಲಿ ಸಾವುಕಾರರು ಪೂಜೆಯಲ್ಲಿದ್ದರು. ಅವನು ಮರಳಿದಾಗ ಒಂದು ಗಂಟೆ.

ಓಣಿಯ ತುದಿಯಿಂದಲೇ ಕಂಡಿತು. ಹಾಸು ಬಿಗಿಯುವ ಎರಡು ಗೂಟಗಳ ನಡುವೆ ದಾರ ಎಳೆದು ಕಟ್ಟಿದ್ದಾರೆ. ದಾರದ ನಟ್ಟನಡುವೆ, ಸುನಿತಾಳ ಹಳೆಯ ಸೀರೆಯ ಚಿಂದಿಯಲ್ಲಿ ಬಿಗಿಸಿಕೊಂಡು, ಫೋನು ತೂಗುತ್ತಿದೆ. ಆ ಕಡೆ ಚೇತನಾ, ಈ ಕಡೆ ಪ್ರಭು, ಇಬ್ಬರ ಕೈಯಲ್ಲೂ ಕುಂಚ. ಮುದ್ದೆಗಂಜಿಯನ್ನು ಅದ್ದಿ ಅದ್ದಿ, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ, ಒಂದು ಬೆರಳಷ್ಟೂ ಜಾಗ ಬಿಡದೆ ಬಳಿಯುತ್ತಿದ್ದಾರೆ. ಎರಡೂ ಕಡೆಯಿಂದ ಎಳೆದರೇನೇ ಗಂಜಿ ಸಮ ಹಿಡಿಯುತ್ತದೆ ಎಂದು ಅವರಿಗೆ ಕಲಿಸಿದವನು ಹುಚ್ಚೇಶನೇ. ಕಲಿತದ್ದನ್ನು ಮಕ್ಕಳು ಚೂರೂ ಮರೆತಿರಲಿಲ್ಲ.

ಕಟ್ಟೆಯ ಮೇಲೆ ಮುರ್ತುಜಸಾಬ ಬೀಡಿ ಸೇದುತ್ತ ಮೇಲ್ವಿಚಾರಣೆ ನಡೆಸಿದ್ದ.

"ಗಂಜಿ ಭಾಳ ದಪ್ಪ ಆಗೇತಿ, ಹುಚ್ಚೇಶ. ಹುಡುಗರಿಗೆ ಆಗಿಂದ ಹೇಳಾಕತ್ತೇನಿ, ಒಂದ ತಂಬಗಿ ನೀರ ಬೆರಸ್ರಿ ಅಂತ."

"ಸಾಬರ, ಅದು ಫೋನ್ ಐತ್ರಿ."

"ಏನರೆ ಇರಲಿ. ಗಂಜಿ ತೆಳ್ಳಗ ಇರಬೇಕು."

ಹುಚ್ಚೇಶ ಕೈಯೆತ್ತಿದ. ಪ್ರಭು ಓಡಲಿಲ್ಲ. ಮೂಗಿನ ಮೇಲೆ, ಹುಬ್ಬಿನ ಮೇಲೆ ಗಂಜಿ ಮೆತ್ತಿಕೊಂಡ ಮುಖವನ್ನು ಮೇಲೆತ್ತಿ, ಕೆಲಸ ಗೊತ್ತಿದ್ದವರ ಗಾಂಭೀರ್ಯದಲ್ಲಿ ವಿವರಿಸಿದ: "ಎಳಿ ಹರದಿತ್ತಲ್ಲಪ್ಪಾ. ಗಂಜಿ ಹಚ್ಚಿದ್ರ ಹರಿಯೂದಿಲ್ಲ. ಅವ್ವ ಹಿಡಕೊಂಡ ಹತ್ತಿ ಬರ್ತಾಳ."

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹುಚ್ಚೇಶ ತಲೆ ಕೆರೆದುಕೊಂಡ. ಗಂಜಿಯ ಜೊತೆ ಇನ್ನೂ ಒಂದು ಕೆಲಸವಾಗಿತ್ತು. ಹತ್ತಿ ಬಂದವರಿಗೆ ಹೊರಬರಲು ಬಾಗಿಲು ಬೇಕಲ್ಲ ಎಂದು ಚೇತನಾ ಸೂಜಿಯಿಂದ ಫೋನಿನ ಬದಿಯ ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದಳು. ಬೆರಳುಗುರಿನಷ್ಟಿದ್ದ ಸಿಮ್ಮು ಎಲ್ಲಿ ಬಿತ್ತೆಂದು ಇಬ್ಬರಿಗೂ ತಿಳಿಯದು. ಮಗ್ಗದ ಕುಣಿ ಜಾಲಾಡಿದರು, ಗಂಜಿಯ ಗಡಿಗೆಗೆ ಕೈಹಾಕಿ ಕಲಕಿದರು, ಓಣಿಯ ಮಣ್ಣು ಕೆದಕಿದರು. ಸಿಗಲಿಲ್ಲ.

ಫೋನ್ ರಿಪೇರಿಯ ಯುನೂಸ, ತನ್ನ ಮೇಜಿನ ಮೇಲಿಟ್ಟ ವಸ್ತುವನ್ನು ತಿರುತಿರುಗಿಸಿ ನೋಡಿದ. ಬಿಸಿಲಿಗೆ ಗಂಜಿ ಒಣಗಿ ಅದು ಹಪ್ಪಳದಂತೆ ಖಡಕ್ಕಾಗಿತ್ತು.

"ಅಣ್ಣಾರ, ನೀರಾಗ ಬಿದ್ದ ಫೋನ್ ನೋಡೇನಿ, ಚಾದಾಗ ಬಿದ್ದದ್ದೂ ನೋಡೇನಿ. ಇಸ್ತ್ರಿಗೆ ತಯಾರಾಗಿ ಬಂದದ್ದು ಇದ ಮೊದಲ."

ಬಿಚ್ಚಿದ. ಒಳಗೂ ಗಂಜಿ. ಇದು ಇನ್ನು ಏಳುವುದಿಲ್ಲ ಎಂದ. ಬೇಕಾದರೆ ನನ್ನ ಫೋನಿನಿಂದ ಮಾತಾಡಿ, ನಂಬರು ಹೇಳಿ ಎಂದು ಕೈಗಿತ್ತ.

ನಂಬರು! ಹನ್ನೆರಡು ವರ್ಷದ ಸಂಸಾರ. ಒಂದು ಸೀರೆಯ ಹಾಸಿನಲ್ಲಿ ಎಷ್ಟು ಎಳೆ ಎಂದು ಹುಚ್ಚೇಶ ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಹೆಂಡತಿಯ ನಂಬರು ಹೇಳಲಾರ. ಅವಳ ಹೆಸರಿನ ಮೇಲೆ ಬೆರಳಿಟ್ಟರೆ ಸಾಕಿತ್ತಲ್ಲ, ಅವಳೇ ಬರುತ್ತಿದ್ದಳು. ಮೊದಲ ನಾಲ್ಕು ಅಂಕೆ ನೆನಪಾದವು. ಮುಂದಿನವನ್ನು ದೇವರ ಮೇಲೆ ಭಾರ ಹಾಕಿ ಒತ್ತಿದ. ಆ ಕಡೆ ಯಾರೋ ಗೊಬ್ಬರದ ಅಂಗಡಿಯವರು ಎತ್ತಿಕೊಂಡು, ಯೂರಿಯಾ ಬಂದಿಲ್ಲ ಎಂದರು.

ಅದೇ ನಂಬರಿನ ಹೊಸ ಸಿಮ್ಮು ಸಿಕ್ಕರೆ ಯುನೂಸನ ಫೋನಿಗೆ ಹಾಕಿ ಅವಳ ಕರೆಗೆ ಕಾಯಬಹುದೆಂದು ಸಿಮ್ಮಿನ ಅಂಗಡಿಗೆ ಓಡಿದ. ಯಂತ್ರದ ಮೇಲೆ ಹೆಬ್ಬೆರಳಿಡಿ ಎಂದರು. ಇಟ್ಟ. ಹೊಂದುತ್ತಿಲ್ಲ ಎಂದಿತು. ಒರೆಸಿ ಇಟ್ಟ, ತೊಳೆದು ಇಟ್ಟ, ಎಡಗೈಯದು ಇಟ್ಟ. ಮೂವತ್ತು ವರ್ಷ ಎಳೆ ತಿಕ್ಕಿ ತಿಕ್ಕಿ ಅವನ ಬೆರಳಿನ ಗೆರೆಗಳೆಲ್ಲ ಸವೆದು ಬೋಳಾಗಿದ್ದವು. ನಾಳೆ ಬನ್ನಿ, ಬೇರೆ ದಾರಿ ನೋಡೋಣ ಎಂದರು. ಇಂಟರ್ನೆಟ್ಟಿನ ಹೆಬ್ಬಾಗಿಲಿನಲ್ಲಿ ಅಪ್ಪನೂ ಮನುಷ್ಯನೆಂದು ಸಾಬೀತಾಗಲಿಲ್ಲ.

ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು. ನಾಲ್ಕಕ್ಕೆ ಸುನಿತಾ ಫೋನ್ ಹಚ್ಚುತ್ತಾಳೆ. ರಿಪೋರ್ಟಿನ ಹಾಳೆ ಹಿಡಿದುಕೊಂಡು, ಒಬ್ಬಳೇ, ಸ್ವಿಚ್ ಆಫ್ ಎನ್ನುವ ಧ್ವನಿ ಕೇಳುತ್ತಾಳೆ. 'ಅದು' ಎಂದು ಬರೆದಿದ್ದರೆ ಆ ಧ್ವನಿಗೇ ಹೇಳಬೇಕು. ಹುಚ್ಚೇಶ ಮಕ್ಕಳ ಮುಖ ತೊಳೆದ, ಮನೆಗೆ ಬೀಗ ಹಾಕಿದ, ಮೂರೂಕಾಲಿನ ಬಾಗಲಕೋಟೆ ಬಸ್ಸು ಹತ್ತಿದ.

ಬಸ್ಸು ಹಂಚಿನಂತೆ ಕಾದಿತ್ತು. ಪ್ರಭು ಕಿಟಕಿಯ ಬಳಿ ಕೂತ. ಚೇತನಾ ಅಪ್ಪನ ಪಕ್ಕ ಕೂತು ಬಹಳ ಹೊತ್ತು ಉಗುರಿನ ಸಂದಿಯ ಗಂಜಿ ಕೀಳುತ್ತಿದ್ದಳು. ಇವಳಿಗೆ ಒಂಬತ್ತು ವರ್ಷ, ಶಾಲೆಯಲ್ಲಿ ಜಾಣೆ. ತಮ್ಮನಿಗೆ ಬುದ್ಧಿಯಿಲ್ಲ, ನಿನಗಾದರೂ ಬೇಡವೇ ಎಂದು ಹುಚ್ಚೇಶ ಕೇಳಿದ. ಫೋನಿನೊಳಗೆ ಮನುಷ್ಯರಿರುತ್ತಾರೆಯೇ ಎಂದ.

"ಇರೂದಿಲ್ಲಂತ ಗೊತ್ತೈತಿ," ಎಂದಳು ಚೇತನಾ, ಉಗುರಿನಿಂದ ತಲೆಯೆತ್ತದೆ. "ಗೊತ್ತಿದ್ರೂ ಹಚ್ಚಿದೆ. ಒಂದ ವ್ಯಾಳ್ಯಾ ಖರೆ ಇದ್ರ?"

ಗೊತ್ತಿದ್ದೂ ಹುಚ್ಚೇಶ ಈ ಮೂರು ವಾರದಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದ ಎಂದು ಅವನಿಗಷ್ಟೇ ಗೊತ್ತಿತ್ತು. ಎದುರಿನ ಸೀಟಿನ ಹರಿದ ರೆಕ್ಸಿನ್ನನ್ನೇ ನೋಡುತ್ತ ಕೂತ. 'ಅದು' ಆಗಿದ್ದರೆ ಮುಂದೇನು, ಈ ಇಬ್ಬರಿಗೆ ಏನು ಹೇಳುವುದು, ಯಾವ ಕತೆಯಿಂದ ಸುರು ಮಾಡುವುದು. ಹುನಗುಂದದ ನಿಲ್ದಾಣ ಬಂತು. ಬಾಗಲಕೋಟೆ ಕಡೆಯಿಂದ ಬಂದ ಬಸ್ಸೊಂದು ಪಕ್ಕಕ್ಕೆ ಬಂದು, ಕಿಟಕಿಗೆ ಕಿಟಕಿ ಹಚ್ಚಿ ನಿಂತಿತು. ಪ್ರಭು ಅವನ ತೋಳು ಜಗ್ಗಿದ.

"ಅಪ್ಪಾ, ಅವ್ವ ಗಾಜಿನ್ಯಾಗ ಕುಂತಾಳ ನೋಡು."

"ಹೂಂ," ಎಂದ ಹುಚ್ಚೇಶ.

ಬಸ್ಸು ಹೊರಟಿತು. ಅಮೀನಗಡದಲ್ಲಿ ಕರದಂಟು ಮಾರುವವರು ಕಿಟಕಿಗೆ ಬಂದರು. ಯಾವತ್ತೂ ಅದಕ್ಕಾಗಿ ಬಸ್ಸಿನ ನೆಲದ ಮೇಲೆ ಹೊರಳಾಡುವ ಪ್ರಭು ಈ ಸಲ ಕೇಳಲೇ ಇಲ್ಲ, ತನ್ನಷ್ಟಕ್ಕೆ ತಾನು ನಗುತ್ತ ಕೂತಿದ್ದ. ಇದು ಹುಚ್ಚೇಶನಿಗೆ ಅಪಶಕುನದಂತೆ ಕಂಡಿತು.

ಆಸ್ಪತ್ರೆಯ ಗೇಟಿನಲ್ಲಿ ಮಕ್ಕಳನ್ನು ಕಾವಲುಗಾರ ತಡೆದ. ಅವರನ್ನು ಬೇವಿನ ಮರದ ಕೆಳಗೆ ಕೂರಿಸಿ ಹುಚ್ಚೇಶ ಒಬ್ಬನೇ ಮಹಡಿ ಹತ್ತಿದ. ಐದೂಕಾಲಾಗಿತ್ತು. ಹೆಂಗಸರ ವಾರ್ಡು, ಎಡಗಡೆಯ ಮೂರನೇ ಮಂಚ.

ಮಂಚ ಖಾಲಿ. ಹಾಸಿಗೆಯನ್ನು ಸುರುಳಿ ಸುತ್ತಿ ತಲೆದೆಸೆಗೆ ಇಟ್ಟಿದ್ದರು. ಕಬ್ಬಿಣದ ಪಟ್ಟಿಗಳನ್ನು ಈಗಷ್ಟೇ ಒರೆಸಿದ್ದರು, ಔಷಧದ ನೀರಿನ ವಾಸನೆ ಬರುತ್ತಿತ್ತು. ಮಂಚದ ಪಕ್ಕದ ಗೂಡಿನಲ್ಲಿ ಅವಳ ಚೀಲವಿರಲಿಲ್ಲ, ತಂಬಿಗೆಯಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಪಿನ್ನು ಬಿದ್ದಿತ್ತು. ಕೂದಲಿಗೆ ಹಾಕುವ ಕಪ್ಪು ಪಿನ್ನು. ಅಕ್ಕಪಕ್ಕದ ಮಂಚದವರು ಗೋಡೆಯ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದರು.

ಮಹಾಶೂರ ಹುಚ್ಚೇಶ ಬರಿಯ ಕಬ್ಬಿಣದ ಮೇಲೆ ಕೂತ. ಪಿನ್ನನ್ನು ಸವೆದ ಹೆಬ್ಬೆರಳಿನಿಂದ ತಿಕ್ಕುತ್ತ ಕೂತ. ಇನ್ನು ಮುಂದೆ ಜಂಬ ಕೊಚ್ಚುವುದಿಲ್ಲ ಎಂದುಕೊಂಡ. ಗಂಜಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಸುರು ಮಾಡಿದ ಕತೆಯನ್ನೆಲ್ಲ ಮುಗಿಸುತ್ತೇನೆ. ಗುಹೆಯಲ್ಲಿರುವ ರಾಜಕುಮಾರಿಯರು, ಬಾವಿಯ ಕಳ್ಳರು, ಮರದ ಮೇಲಿನ ಹುಲಿ, ಒಬ್ಬೊಬ್ಬರನ್ನೇ ಹೊರಗೆ ತರುತ್ತೇನೆ. ಯಾರ ಜೊತೆ ಈ ಒಪ್ಪಂದ ಮಾಡಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ತಿಳಿದಿರಲಿಲ್ಲ. ಹೊರಗೆ ಯಾರೋ ಒಂದು ಟ್ರಾಲಿ ತಳ್ಳಿಕೊಂಡು ಹೋದರು. ಅದರ ಗಾಲಿ ಕಿರಗುಟ್ಟುವುದು ಬಹಳ ದೂರದವರೆಗೆ ಕೇಳಿಸಿತು.

ಆಗ ನರ್ಸು ರಾಧಿಕಾ ಬಂದಳು. ಮಂಚದ ಮೇಲೆ ಕೂತ ಗಂಡಸನ್ನು ಕಂಡು ಗದರಿಸಲು ಬಾಯಿ ತೆರೆದವಳು, ಅವನ ಮುಖ ನೋಡಿ ಧ್ವನಿ ತಗ್ಗಿಸಿದಳು.

"ಸುನಿತಾ ಅವರ ಯಜಮಾನರೇನ್ರಿ? ಇಲ್ಲ್ಯಾಕ ಬಂದ್ರಿ ನೀವು? ಅವರು ಡಿಸ್ಚಾರ್ಜ್ ಮಾಡಿಸ್ಕೊಂಡ ಊರಿಗೆ ಹ್ವಾದ್ರಲ್ಲ."

ರಿಪೋರ್ಟು ನಾಲ್ಕರ ಬದಲು ಹನ್ನೆರಡೂವರೆಗೇ ಬಂದಿತ್ತಂತೆ. ಆಗಿನಿಂದ ಸುನಿತಾ ಫೋನ್ ಹಚ್ಚಿದ್ದೇ ಹಚ್ಚಿದ್ದು, ಹತ್ತಲೇ ಇಲ್ಲ. ಇವತ್ತು ಕೈಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದಿದ್ದರು, ಮನೆಯಲ್ಲಿ ಮಕ್ಕಳಿಗೆ ಏನೋ ಆಗಿದೆ ಎಂದು ಅಳುತ್ತ, ತಾಯಿ ತಂದ ಬುತ್ತಿಯನ್ನೂ ಮುಟ್ಟದೆ, ಡಾಕ್ಟರ ಜೊತೆ ಜಗಳಾಡಿ ಹೊರಟಳಂತೆ. ರಿಪೋರ್ಟಿನಲ್ಲಿ ಏನಿತ್ತು ಎಂದು ಹುಚ್ಚೇಶ ಕೇಳಿದ. ಡಾಕ್ಟರು ಅವಳ ಜೊತೆಯೇ ಮಾತಾಡಿದ್ದಾರೆ, ಕಾಗದವನ್ನೂ ಒಯ್ದಿದ್ದಾಳೆ, ತನಗೆ ತಿಳಿಯದು ಎಂದಳು ರಾಧಿಕಾ.

ಬೇವಿನ ಮರದ ಕೆಳಗೆ ಪ್ರಭು ಎದ್ದು ನಿಂತಿದ್ದ. ಅವ್ವ ಹೊರಗೆ ಬಂದಳೋ ಎಂದು ಕೇಳಿದ. ಹೊರಗೆ ಬಂದಿದ್ದಾಳೆ ಎಂದ ಹುಚ್ಚೇಶ. "ನನಗ ಗೊತ್ತಿತ್ತು," ಎಂದು ಪ್ರಭು ಚಪ್ಪಲಿ ಹಾಕಿಕೊಂಡ.

ಮರಳುವ ದಾರಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಬಸ್ಸು ಎಲ್ಲ ಕಡೆ ನಿಂತಿತು. ನಿಲ್ಲಬಾರದ ಕಡೆಯೂ ನಿಂತಿತು. ಚೇತನಾ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಹುಚ್ಚೇಶ ಈ ಸಲ ಕಿಟಕಿಯ ಹೊರಗೆ ಹಾದುಹೋಗುವ ಪ್ರತಿಯೊಂದು ಮುಖವನ್ನೂ ನೋಡಿದ.

ಇಳಕಲ್ಲಿನಲ್ಲಿ ಇಳಿದಾಗ ಮನೆಮನೆಯಲ್ಲಿ ದೀಪ ಹತ್ತಿದ್ದವು. ಓಣಿ ತಿರುಗಿದರೆ, ಮುರ್ತುಜಸಾಬನ ಕಟ್ಟೆಯ ಮೇಲೆ, ಪಕ್ಕದಲ್ಲಿ ಚೀಲ ಮತ್ತು ತಂಬಿಗೆ ಇಟ್ಟುಕೊಂಡು, ಕೊರಳಿಗೆ ಪಟ್ಟಿ ಸುತ್ತಿದ ಸುನಿತಾ ಕೂತಿದ್ದಳು. ಕೈಯಲ್ಲಿ ಸಾಬನ ಮನೆಯ ಚಹಾ. ಫೋನಿನ ಚರಿತ್ರೆಯೆಲ್ಲ ಅವಳಿಗೆ ಆಗಲೇ ತಿಳಿದಿತ್ತೆಂದು ಮುಖವೇ ಹೇಳುತ್ತಿತ್ತು.

ಮಕ್ಕಳು ಓಡಿದರು. ಪ್ರಭು ಮೊದಲು ಅವಳ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದ. ಗಾಜು ಇರಲಿಲ್ಲ. ಆಮೇಲೆ ಅವಳ ಮಡಿಲಿಗೆ ಬಿದ್ದ. ಚೇತನಾ ಎರಡು ಹೆಜ್ಜೆ ದೂರದಲ್ಲೇ ನಿಂತು, ಜಾಣೆಯಂತೆ ಇರಲು ಬಹಳ ಪ್ರಯತ್ನಪಟ್ಟು, ಆಗದೆ ಅತ್ತುಬಿಟ್ಟಳು.

ಬೀಗದ ಕೈಯನ್ನು ಹಿಡಿದುಕೊಂಡು ಹುಚ್ಚೇಶ ಓಣಿಯ ನಡುವೆಯೇ ನಿಂತಿದ್ದ. ಹೆಂಡತಿ ಬಾಗಿಲಲ್ಲಿ ಎಷ್ಟು ಹೊತ್ತು ಕಾದಳೋ ಎಂದು ನೆನೆದು, ದಾರಿಯಲ್ಲಿ ಎಷ್ಟು ಗಾಬರಿಯಾಗಿತ್ತೋ ಎಂದು ತೊದಲಿದ.

"ಹುನಗುಂದದ ತನಕ ಜೀವ ಕೈಯಾಗ ಹಿಡಕೊಂಡ ಬಂದೆ," ಎಂದಳು ಸುನಿತಾ. "ಅಲ್ಲೆ ಬಾಜೂ ಬಸ್ಸಿನ್ಯಾಗ ನಿಮ್ಮನ್ನ ನೋಡಿದೆ. ಮೂರ ತಲಿ ಎಣಿಸಿದೆ. ಮೂರೂ ಇದ್ವು. ಜೀವ ಬಂತು. ಕಿಟಕಿ ಬಡದೆ, ಕೂಗಿದೆ. ಪ್ರಭು ಕೈ ಮಾಡಿದ. ನೀವು ಮಾತ್ರ ಮುಂದಿನ ಸೀಟ ನೋಡ್ಕೋತ ಕುಂತಿದ್ರಿ. ನಾ ಇಳಿಯೂದ್ರಾಗ ನಿಮ್ಮ ಬಸ್ ಹೋತು."

"ನಾ ಅಪ್ಪಗ ಹೇಳಿದ್ನಿ," ಎಂದ ಪ್ರಭು ಮಡಿಲಿನಿಂದ. "ಅಪ್ಪ ಹೂಂ ಅಂದ."

ಸುನಿತಾ ಗಂಡನನ್ನು ನೋಡಿದಳು. ಹನ್ನೆರಡು ವರ್ಷದ 'ಹೂಂ'ಗಳೆಲ್ಲ ಆ ನೋಟದಲ್ಲಿ ಸಾಲುಹಿಡಿದು ನಿಂತಿದ್ದವು. ಹುಚ್ಚೇಶ ಹತ್ತಿರ ಬಂದ. ಕಿಸೆಯಿಂದ ಪಿನ್ನು ತೆಗೆದು ಅವಳ ಕೈಯಲ್ಲಿಟ್ಟ. ಅವಳೇ ಹೇಳಿದಳು. ಎರಡೇ ಮಾತಿನಲ್ಲಿ, ಅವನ ಎಲ್ಲ ಕತೆಗಳನ್ನು ಮುಗಿಸುತ್ತಿದ್ದ ಹಾಗೆ.

"ಅದು ಅಲ್ಲಂತ್ರಿ. ಟೀಬಿ ಗಂಟಂತ. ಆರ ತಿಂಗಳ ಗುಳಿಗಿ, ಒಂದ ದಿವಸನೂ ತಪ್ಪಸೂ ಹಂಗಿಲ್ಲ."

ಟೀಬಿ! ಆ ಹೆಸರು ಕೇಳಿ ಹೀಗೆ ಕಟ್ಟೆಯ ಮೇಲೆ ಕುಸಿದು ಕೂತು, ಬಾಯಿಗೆ ಟವೆಲ್ಲು ಒತ್ತಿಕೊಂಡು ಸಂತೋಷದಿಂದ ಬಿಕ್ಕಿದ ಗಂಡಸು ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಮುರ್ತುಜಸಾಬ ಬೀಡಿ ಹಚ್ಚಲು ಹೋದವನು, ಸುನಿತಾಳ ಕೆಮ್ಮು ನೆನಪಾಗಿ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಓಣಿಯ ಗೂಟಗಳ ನಡುವೆ ದಾರ ಇನ್ನೂ ಹಾಗೆಯೇ ಬಿಗಿದಿತ್ತು.

ಮೊದಲು ಮಾತಾಡಿದವನು ಪ್ರಭು. ಮಡಿಲಿನಿಂದ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಸಭೆಗೆ ತಿಳಿಸಿದ:

"ನಾ ಹಚ್ಚಿದ ಗಂಜಿ ಹಿಡೀತು."

ಅಕ್ಕ ಒಪ್ಪಿದಳು. ಅವ್ವ ಒಪ್ಪಿದಳು. ಎಲ್ಲರೂ ಮುರ್ತುಜಸಾಬನ ಕಡೆ ನೋಡಿದರು, ಓಣಿಯ ಹಿರಿಯ ನೇಕಾರನ ತೀರ್ಪೇ ಕೊನೆಯದಲ್ಲವೆ. ಸಾಬ ಗಂಟಲು ಸರಿಮಾಡಿಕೊಂಡ.

"ಹಿಡೀತು, ಇಲ್ಲನ್ನೂದಿಲ್ಲ," ಎಂದ. "ಆದ್ರ ಗಂಜಿ ದಪ್ಪ ಆಗಿತ್ತು, ಹುಚ್ಚೇಶ. ಒಂದ ತಂಬಗಿ ನೀರ ಬೆರಸಿದ್ರ, ಸುನಿತಾ ಮುಂಜಾನೆ ಬಸ್ಸಿಗೇ ಬರ್ತಿದ್ಲು."

ಹುಚ್ಚೇಶ ಗಂಜಿಯ ಪರವಾಗಿ ವಾದಿಸಲು ಬಾಯಿ ತೆರೆದ. ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಮಾಡಿಕೊಂಡ ಒಪ್ಪಂದ ನೆನಪಾಯಿತು. ಬಾಯಿ ಮುಚ್ಚಿ, ಮನೆಯ ಬೀಗ ತೆರೆದು, ಗಂಜಿಯ ಗಡಿಗೆಗೆ ಒಂದು ತಂಬಿಗೆ ನೀರು ಹೊಯ್ದ.